ಒಂದೇ ಹಿಡಿತದಲ್ಲಿ ಎರಡು ಥ್ರೆಡ್: ಸ್ಟೆಪ್ ಸ್ಟಡ್ಡನ್ನು ಮನೆಯ ಲೇತಿನಲ್ಲೇ ಮಾಡುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹಳೆಯ ರೈಸ್‌ಮಿಲ್ಲುಗಳಲ್ಲಿ ಪದೇ ಪದೇ ಎದುರಾಗುವ ತೊಂದರೆ ಒಂದಿದೆ. ಎಲಿವೇಟರಿನದೋ ಬ್ಲೋವರಿನದೋ ಬೇರಿಂಗ್ ಹೌಸಿಂಗ್ ಹಿಡಿದಿರುವ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟು) ಅದುರಿ ಅದುರಿ ಸಡಿಲವಾಗುತ್ತದೆ, ಕೊನೆಗೆ ಬೀಡಿನೊಳಗಿನ (ಎರಕದ ಕಬ್ಬಿಣದೊಳಗಿನ) ಥ್ರೆಡ್ ಸ್ಲಿಪ್ ಆಗುತ್ತದೆ. ಸುಗ್ಗಿಯ ಹೊತ್ತಿನಲ್ಲಿ ಮಿಲ್ಲು ನಿಲ್ಲಿಸುವ ಹಾಗಿಲ್ಲ, ಹೌಸಿಂಗ್ ಹೊಸದು ಸಿಗುವುದಿಲ್ಲ. ಆಗ ಕೆಲವರು ಸ್ಟಡ್ಡನ್ನು ಹೋಲಿಗೆ ಇಟ್ಟು ವೆಲ್ಡಿಂಗ್ ಹಾಕಿಬಿಡುತ್ತಾರೆ. ಅದೊಂದನ್ನು ಮಾತ್ರ ಮಾಡಬೇಡಿ. ಬೀಡು ವೆಲ್ಡಿಂಗಿನ ಕಾವು ತಾಳುವುದಿಲ್ಲ. ತಣ್ಣಗಾಗುವಾಗ ವೆಲ್ಡಿಂಗಿನ ಪಕ್ಕದಲ್ಲೇ ಸೀಳು ಬಿಡುತ್ತದೆ, ಆಮೇಲೆ ಹೌಸಿಂಗೇ ಹೋಯಿತು.

ಸರಿಯಾದ ದಾರಿ ಸ್ಟೆಪ್ ಸ್ಟಡ್. ಸ್ಲಿಪ್ ಆದ ಹೋಲನ್ನು ಒಂದು ಸೈಜ್ ದೊಡ್ಡದು ಮಾಡಿ ಹೊಸ ಥ್ರೆಡ್ ಹಾಕುವುದು. ಬೀಡಿನೊಳಗೆ ಹೋಗುವ ತುದಿ ಆ ದೊಡ್ಡ ಸೈಜಿಗೆ, ನಟ್ಟು ಕೂರುವ ತುದಿ ಹಳೆಯ ಸೈಜಿಗೇ ಇರುವ ಸ್ಟಡ್ ಮಾಡುವುದು. ಮೇಲಿನ ಕ್ಯಾಪಿನ ಹೋಲು, ವಾಷರು, ನಟ್ಟು ಯಾವುದನ್ನೂ ಮುಟ್ಟಬೇಕಿಲ್ಲ. ಇಂಥದ್ದು ಅಂಗಡಿಯಲ್ಲಿ ರೆಡಿ ಸಿಗುವುದಿಲ್ಲ, ಲೇತಿನಲ್ಲಿ ಮಾಡಿಯೇ ತೀರಬೇಕು. ಮನೆಯ ಶೆಡ್ಡಿನಲ್ಲಿ ನಾಲ್ಕೂವರೆ ಅಡಿಯ ಲೇತು, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಇದ್ದರೆ ಸಾಕು. ಇಲ್ಲಿ ಉದಾಹರಣೆಗೆ ಒಂದು ತುದಿ ಎಂ20 (20 ಮಿ.ಮೀ.ನ ಮೆಟ್ರಿಕ್ ಥ್ರೆಡ್), ಇನ್ನೊಂದು ತುದಿ ಐದು ಸೂತ, ಅಂದರೆ 5/8 ಇಂಚಿನ ವಿಟ್‌ವರ್ತ್ ಇರುವ ಸ್ಟಡ್ಡನ್ನು ತೆಗೆದುಕೊಂಡಿದೆ.

ಮೊದಲು ಹಳೆಯ ಥ್ರೆಡ್ ಯಾವುದೆಂದು ಗೊತ್ತುಮಾಡಿಕೊಳ್ಳಿ

ಕೆಲಸ ಹೆಚ್ಚಾಗಿ ಕೆಡುವುದು ಲೇತಿನ ಮೇಲಲ್ಲ, ಅದಕ್ಕೂ ಮುಂಚೆ, ಅಳತೆ ತೆಗೆಯುವಾಗ. ಭಾರತ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಆದರೂ ಹಳೆಯ ವಿನ್ಯಾಸದ ಮಿಲ್ಲು, ಗಿರಣಿ, ಪಂಪುಗಳಲ್ಲಿ ಇಂಚಿನ ಥ್ರೆಡ್ ಇಂದಿಗೂ ಉಳಿದಿದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55° ಕೋನದ ಥ್ರೆಡ್ ಅದು. ಮೆಟ್ರಿಕ್ಕಿನದು 60°.

ಐದು ಸೂತದ ಬೋಲ್ಟಿನ ಹೊರ ಅಳತೆ 15.875 ಮಿ.ಮೀ., ಎಂ16ರದು 16 ಮಿ.ಮೀ. ಸವೆದ ಬೋಲ್ಟಿಗೆ ವರ್ನಿಯರ್ ಹಿಡಿದರೆ ಎರಡೂ 15.7, 15.8 ಎಂದೇ ತೋರಿಸುತ್ತವೆ. ಹಾಗಾಗಿ ಹೊರ ಅಳತೆ ನೋಡಿ ಎಂದೂ ತೀರ್ಮಾನಿಸಬೇಡಿ, ಪಿಚ್ ನೋಡಿ, ಅಂದರೆ ಥ್ರೆಡ್ಡಿನ ಒಂದು ಏಣಿನಿಂದ (ಉಬ್ಬಿದ ಅಂಚಿನಿಂದ) ಮುಂದಿನ ಏಣಿಗಿರುವ ದೂರ. ಎಂ16ರ ಪಿಚ್ 2 ಮಿ.ಮೀ.; ಸ್ಕೇಲ್ ಇಟ್ಟು ಎಣಿಸಿದರೆ 20 ಮಿ.ಮೀ.ಗೆ ಸರಿಯಾಗಿ ಹತ್ತು ಏಣು ಬರುತ್ತವೆ. ಐದು ಸೂತದ್ದು ಒಂದು ಇಂಚಿಗೆ ಹನ್ನೊಂದು, ಅಂದರೆ ಪಿಚ್ 2.309. ಥ್ರೆಡ್ ಗೇಜಿನ ಎಲೆಯನ್ನು ಥ್ರೆಡ್ಡಿನ ಮೇಲಿಟ್ಟು ಬೆಳಕಿಗೆ ಎದುರಾಗಿ ಹಿಡಿಯಿರಿ. ಎರಡು ಮೂರು ಏಣಿನ ಮಟ್ಟಿಗೆ ತಪ್ಪು ಎಲೆಯೂ ಕೂತಂತೆ ಕಾಣುತ್ತದೆ. ಐದಾರು ಏಣು ದಾಟಿದರೆ ಸಂದಿಯಲ್ಲಿ ಬೆಳಕು ಇಣುಕುತ್ತದೆ. ಸವೆತ ಕಡಿಮೆ ಇರುವ ಜಾಗದಲ್ಲಿ, ಸಾಮಾನ್ಯವಾಗಿ ನಟ್ಟಿನ ಹೊರಗೆ ಉಳಿದಿದ್ದ ತುದಿಯಲ್ಲಿ, ನೋಡುವುದು ಒಳ್ಳೆಯದು.

ಎಂ16 ನಟ್ಟು ಐದು ಸೂತದ ಬೋಲ್ಟಿಗೆ ಒಂದೆರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿಯುತ್ತದೆ. "ಸ್ವಲ್ಪ ಟೈಟ್ ಇದೆ" ಎಂದುಕೊಂಡು ಪಾನಾ ಹಾಕಿ ತಿರುಗಿಸಿದರೆ ಎರಡರ ಥ್ರೆಡ್ಡೂ ಕಿತ್ತುಹೋಗುತ್ತದೆ. ಇನ್ನೊಂದು ಗೊಂದಲ ಅರ್ಧ ಇಂಚಿನಲ್ಲಿ: ವಿಟ್‌ವರ್ತ್ ಆದರೆ ಇಂಚಿಗೆ 12, ಅಮೆರಿಕದ ಇಂಚಿನ ಥ್ರೆಡ್ಡಾದ ಯುಎನ್‌ಸಿ ಆದರೆ 13. ಐದು ಸೂತದಲ್ಲಿ ಎರಡೂ ಹನ್ನೊಂದೇ, ಕೋನ ಮಾತ್ರ ಬೇರೆ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಮಷಿನ್ನಿನ ಸ್ಕ್ರೂ ಕಳೆದುಕೊಂಡವರಿಗೂ ಇದೇ ಪಾಠ. ಆ ಮಷಿನ್ನುಗಳಲ್ಲಿ 11/64 ಇಂಚು, ಇಂಚಿಗೆ 40 ಥ್ರೆಡ್ ಇರುವ ಸ್ಕ್ರೂ ಬಹಳ ಬಳಕೆಯಲ್ಲಿದೆ. ಹೊರ ಅಳತೆ 4.37 ಮಿ.ಮೀ. ಎಂ4 ಹಾಕಿದರೆ ಗಳಗಳ ಆಡುತ್ತದೆ, ಎಂ5 ಒಳಗೇ ಹೋಗುವುದಿಲ್ಲ. ಅಂಥ ಸಣ್ಣದಕ್ಕೆ ಲೇತಿನಲ್ಲಿ ಥ್ರೆಡ್ ಕೊರೆಯುವುದಕ್ಕಿಂತ ಆ ಸೈಜಿನ ಡೈ (ಹೊರ ಥ್ರೆಡ್ ಕೊರೆಯುವ ಕೈ ಸಾಧನ) ತಂದಿಟ್ಟುಕೊಳ್ಳುವುದೇ ಲೇಸು.

ಬೀಡಿನ ಹೋಲು

ಎಂ20ರ ಪಿಚ್ 2.5 ಮಿ.ಮೀ. ಟ್ಯಾಪಿಗೆ (ಹೋಲಿನೊಳಗೆ ಥ್ರೆಡ್ ಕೊರೆಯುವ ಸಾಧನ) ಮುಂಚಿನ ಡ್ರಿಲ್ ಅಳತೆ ಎಂದರೆ ಹೊರ ಅಳತೆಯಿಂದ ಪಿಚ್ ಕಳೆದಷ್ಟು: 20 − 2.5 = 17.5 ಮಿ.ಮೀ. ಡ್ರಿಲ್ ಹಾಕುವ ಮೊದಲು ಸುತ್ತ ಎಷ್ಟು ಬೀಡು ಉಳಿಯುತ್ತದೆ ನೋಡಿ. 8ರಿಂದ 10 ಮಿ.ಮೀ. ಆದರೂ ಇರಬೇಕು. ಅಷ್ಟಿಲ್ಲದಿದ್ದರೆ ಹೋಲು ಇಷ್ಟು ದೊಡ್ಡದು ಮಾಡಬೇಡಿ, ಹಳೆಯ ಸೈಜಿಗೇ ಕಾಯಿಲ್ ಇನ್ಸರ್ಟ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿಸಿ.

ಕೈ ಡ್ರಿಲ್ಲಿನಲ್ಲಿ ಹಳೆಯ ಹೋಲನ್ನು ದೊಡ್ಡದು ಮಾಡಿದರೆ ಡ್ರಿಲ್ ಬಿಟ್ಟು ಒಂದು ಮಗ್ಗುಲಿಗೆ ಎಳೆಯುತ್ತದೆ, ಸ್ಟಡ್ ವಾಲಿ ನಿಲ್ಲುತ್ತದೆ. ಪಿಲ್ಲರ್ ಡ್ರಿಲ್ಲಿಗೆ ಹೌಸಿಂಗ್ ಏರಿಸಲು ಆಗದಿದ್ದರೆ 40 ಮಿ.ಮೀ. ದಪ್ಪದ ಕಬ್ಬಿಣದ ತುಂಡಿಗೆ ನೇರವಾಗಿ 17.5ರ ಹೋಲು ಹಾಕಿ, ಅದನ್ನು ಹೌಸಿಂಗಿನ ಮೇಲೆ ಕ್ಲಾಂಪ್ ಮಾಡಿ, ಅದರ ಮೂಲಕವೇ ಬಿಟ್ಟು ಇಳಿಸಿ. ಸ್ಟಡ್ಡು ಬೀಡಿನೊಳಗೆ ತನ್ನ ಹೊರ ಅಳತೆಯ ಒಂದೂವರೆ ಪಟ್ಟು, ಅಂದರೆ 30 ಮಿ.ಮೀ. ಕೂರಬೇಕು. ಟ್ಯಾಪ್ ಮೂರರ ಸೆಟ್ಟಿನಲ್ಲಿ ಒಂದಾದ ಮೇಲೊಂದು ಹಾಕಿ. ಬೀಡಿಗೆ ಎಣ್ಣೆ ಬೇಡ. ಅದರ ಪುಡಿ ಎಣ್ಣೆಯಲ್ಲಿ ಕಲಸಿ ಅಂಟಾಗಿ ಟ್ಯಾಪಿನ ಉದ್ದ ತೋಡುಗಳಲ್ಲಿ ತುಂಬಿಕೊಳ್ಳುತ್ತದೆ.

ಸರಕು ಮತ್ತು ಟೂಲು

ಸ್ಟಡ್ಡಿಗೆ 22 ಮಿ.ಮೀ.ನ ಇಎನ್‌8 (ಮಧ್ಯಮ ಇಂಗಾಲದ ಉಕ್ಕು) ರಾಡು, 160 ಮಿ.ಮೀ. ಉದ್ದ. ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಅಗ್ಗ, ಆದರೆ ಮೆತ್ತಗಿರುವುದರಿಂದ ಥ್ರೆಡ್ಡಿನ ಮೈ ಹರಿದ ಹಾಗೆ ಬರುತ್ತದೆ, ಅದುರುವ ಜಾಗದಲ್ಲಿ ಬೇಗ ಹಿಗ್ಗುತ್ತದೆ. ಸ್ಕ್ರ್ಯಾಪಿನ ಗುಡ್ಡೆಯಿಂದ ತಂದ ಯಾವುದೋ ಶಾಫ್ಟ್ ತುಂಡು ಬೇಡ. ಕೆಲವು ಹದ ಮಾಡಿದವಿರುತ್ತವೆ, ಟೂಲಿನ ಮೂತಿ ಮೊದಲ ಕಟ್ಟಿಗೇ (ಒಂದು ಸಲದ ಕತ್ತರಿಕೆಗೇ) ಹಾರಿಹೋಗುತ್ತದೆ. ಕೊಳ್ಳುವ ಮೊದಲು ಅರ ತಿಕ್ಕಿ ನೋಡಿ: ಅರ ಕಚ್ಚದೆ ಜಾರಿದರೆ ಆ ತುಂಡು ಬಿಟ್ಟುಬಿಡಿ.

ಟೂಲು ಎರಡು ಬೇಕು, 60°ಯದೊಂದು, 55°ಯದೊಂದು. ಅರ್ಧ ಇಂಚಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ತುಂಡನ್ನು ಗ್ರೈಂಡರಿನಲ್ಲಿ ಅರೆದು ಸೆಂಟರ್ ಗೇಜಿನ ಕಚ್ಚಿನಲ್ಲಿಟ್ಟು ಬೆಳಕು ನೋಡಿ ಸರಿಮಾಡಿಕೊಳ್ಳಿ. ಮೇಲ್ಮೈ ಸಮತಟ್ಟಾಗಿರಲಿ, ಹಿಂದಕ್ಕೆ ಇಳಿಜಾರು ಕೊಟ್ಟರೆ ಥ್ರೆಡ್ಡಿನ ಕೋನ ಬದಲಾಗುತ್ತದೆ. ಚಕ್ಕಿನ (ರಾಡನ್ನು ದವಡೆಗಳಲ್ಲಿ ಹಿಡಿದು ತಿರುಗಿಸುವ ಭಾಗ) ಕಡೆಗಿರುವ ಮಗ್ಗುಲಿಗೆ ಅಡಿಯಲ್ಲಿ ತೆರವು ಹೆಚ್ಚು ಬೇಕು. ಎಂ20ರಲ್ಲಿ ಥ್ರೆಡ್ಡಿನ ವಾಲು ಸುಮಾರು 2.5° ಇದೆ, ಅದಕ್ಕೆ 5° ಕೂಡಿಸಿ 7ರಿಂದ 8° ಕೊಡಿ. ಇದು ಕಡಿಮೆಯಾದರೆ ಟೂಲು ಕತ್ತರಿಸುವುದಿಲ್ಲ, ಉಜ್ಜುತ್ತದೆ.

ಮೂತಿಯನ್ನು ಸೂಜಿಯಂತೆ ಬಿಡಬೇಡಿ. ಮೆಟ್ರಿಕ್ ಟೂಲಿನ ತುದಿಯನ್ನು ಎಣ್ಣೆಕಲ್ಲಿನಲ್ಲಿ ಉಜ್ಜಿ ಪಿಚ್ಚಿನ ಎಂಟನೇ ಒಂದರಷ್ಟು, ಅಂದರೆ 0.3 ಮಿ.ಮೀ. ಚಪ್ಪಟೆ ಮಾಡಿ. ವಿಟ್‌ವರ್ತ್ ಟೂಲಿಗೆ ಅಷ್ಟೇ ಅಳತೆಯ ಗುಂಡು ಮೂತಿ. ಚೂಪು ಮೂತಿ ಬೇಗ ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು ಥ್ರೆಡ್ಡಿನ ಬುಡದಲ್ಲಿ ಬಿಡುವ ಗೀರು. ಅದುರುವ ಸ್ಟಡ್ ಮುರಿಯುವುದು ಅಲ್ಲಿಂದಲೇ.

ರಾಡನ್ನು ಒಮ್ಮೆ ಹಿಡಿದು ಎರಡೂ ಥ್ರೆಡ್

ಸಾಮಾನ್ಯವಾಗಿ ಒಂದು ತುದಿ ಮುಗಿಸಿ, ರಾಡು ತಿರುಗಿಸಿ ಹಿಡಿದು ಇನ್ನೊಂದು ತುದಿ ಮಾಡುತ್ತಾರೆ. ಮೂರು ದವಡೆಯ ಹಳೆಯ ಚಕ್ಕಿನಲ್ಲಿ ತಿರುಗಿಸಿ ಹಿಡಿದರೆ ಎರಡು ತುದಿಗಳ ನಡುವೆ ಓಲಾಟ ಬಂದೇ ಬರುತ್ತದೆ, ಥ್ರೆಡ್ಡಿನ ಮೇಲೆ ದವಡೆಯ ಕಚ್ಚೂ ಬೀಳುತ್ತದೆ. ಇಲ್ಲಿ ಅದರ ಅಗತ್ಯವೇ ಇಲ್ಲ. ದಪ್ಪ ತುದಿ, ಅಂದರೆ ಎಂ20, ಚಕ್ಕಿನ ಕಡೆಗಿರಲಿ. ಅದರ ಮುಂದಿನ ಭಾಗ 15.8 ಮಿ.ಮೀ. ಎಂ20 ಥ್ರೆಡ್ಡಿನ ಬುಡದ ಅಳತೆ 16.75. ಅಂದರೆ ಟೂಲು ಮುಂದಿನ ಸಣ್ಣ ಭಾಗಕ್ಕೆ ಎಲ್ಲೂ ತಾಗದೆ, ಗಾಳಿಯಲ್ಲಿ ಹೊರಟು ಎಂ20 ಭಾಗಕ್ಕೆ ಬಂದು ಕಚ್ಚುತ್ತದೆ.

ರಾಡಿನ ಮುಖ ಫೇಸಿಂಗ್ ಮಾಡಿ (ಸಮತಟ್ಟಾಗಿ ಕತ್ತರಿಸಿ), ಸೆಂಟರ್ ಡ್ರಿಲ್ ಹಾಕಿ, ಸುಮಾರು 125 ಮಿ.ಮೀ. ಹೊರಗೆ ಬಿಟ್ಟು ಹಿಡಿದು, ಟೇಲ್‌ಸ್ಟಾಕಿನಿಂದ (ಚಕ್ಕಿನ ಎದುರು ತುದಿಯ ಆಧಾರ) ರಿವಾಲ್ವಿಂಗ್ ಸೆಂಟರ್ ಆನಿಸಿ. ಸ್ಟಡ್ಡಿನ ಲೆಕ್ಕ: ನಟ್ಟಿನ ಥ್ರೆಡ್ 40, ನಡುವಿನ ನುಣುಪು ಭಾಗ 35, ಎಂ20 ಭಾಗ 30, ಒಟ್ಟು 105 ಮಿ.ಮೀ. ಮೊದಲು 105 ಮಿ.ಮೀ. ಉದ್ದಕ್ಕೂ 19.9ಕ್ಕೆ ಇಳಿಸಿ. ಆಮೇಲೆ ಮುಂದಿನ 75 ಮಿ.ಮೀ. 15.8ಕ್ಕೆ. ಎರಡು ಅಳತೆ ಸೇರುವ ಮೂಲೆಯಲ್ಲಿ ಒಂದು ಮಿ.ಮೀ.ನಷ್ಟಾದರೂ ಗುಂಡು ಬರಬೇಕು, ಅದಕ್ಕೆ ಗುಂಡು ಮೂತಿಯ ಟೂಲು ಹಾಕಿ. ಎಂ20 ಮುಗಿಯುವಲ್ಲಿ, ಚಕ್ಕಿನ ಕಡೆ, 6 ಮಿ.ಮೀ. ಅಗಲದ ಕಚ್ಚು, ರಾಡು 16.4 ಮಿ.ಮೀ. ದಪ್ಪ ಉಳಿಯುವಷ್ಟು ಆಳಕ್ಕೆ. ಥ್ರೆಡ್ ಹೊಡೆದ ಟೂಲು ಇದರೊಳಗೆ ಬಂದು ನಿಲ್ಲುತ್ತದೆ; ಕೊನೆಗೆ ಸ್ಟಡ್ಡನ್ನು ಕತ್ತರಿಸಿ ತೆಗೆಯುವುದೂ ಇಲ್ಲೇ. ನಟ್ಟಿನ ಥ್ರೆಡ್ ಮುಗಿಯುವಲ್ಲಿ ಇನ್ನೊಂದು ಕಚ್ಚು, 5 ಮಿ.ಮೀ. ಅಗಲ, 12.8ಕ್ಕೆ, ಇದು ಗುಂಡು ತಳದ್ದೇ ಆಗಿರಲಿ. ಥ್ರೆಡ್ ಶುರುವಾಗುವ ಅಂಚುಗಳಿಗೆ 45° ಚ್ಯಾಂಫರ್ (ಅಂಚಿನ ಓರೆ).

ಗೇರು

ನಮ್ಮ ಕಡೆಯ ಹಳೆಯ ಲೇತುಗಳಲ್ಲಿ ಲೀಡ್ ಸ್ಕ್ರೂ (ಟೂಲನ್ನು ಉದ್ದಕ್ಕೆ ಸಾಗಿಸುವ ಉದ್ದನೆಯ ಸ್ಕ್ರೂ) ಸಾಮಾನ್ಯವಾಗಿ ಇಂಚಿಗೆ ನಾಲ್ಕು ಥ್ರೆಡ್ಡಿನದು. ನಿಮ್ಮದನ್ನು ಎಣಿಸಿ ಖಚಿತ ಮಾಡಿಕೊಳ್ಳಿ. ಮೆಟ್ರಿಕ್ ಥ್ರೆಡ್ಡಿಗೆ ಲೆಕ್ಕ: 5 × ಪಿಚ್ × ಲೀಡ್ ಸ್ಕ್ರೂವಿನ ಇಂಚಿನ ಎಣಿಕೆ, ಭಾಗಿಸು 127. ಎಂ20ಕ್ಕೆ 5 × 2.5 × 4 = 50. ಅಂದರೆ ಸ್ಪಿಂಡಲ್ ಕಡೆಗೆ 50 ಹಲ್ಲಿನ ಗೇರು, ಲೀಡ್ ಸ್ಕ್ರೂಗೆ 127 ಹಲ್ಲಿನದು, ನಡುವೆ ಯಾವುದಾದರೂ ಐಡ್ಲರ್ (ಎರಡನ್ನೂ ಕೂಡಿಸುವ ಗೇರು). ಐದು ಸೂತಕ್ಕೆ 4/11, ಅಂದರೆ 40 ಮತ್ತು 110. ಗೇರುಗಳ ಹಲ್ಲಿನ ನಡುವೆ ಕಾಗದದ ಚೂರು ಇಟ್ಟು ಒತ್ತಿ ಬಿಗಿ ಮಾಡಿ, ಕೈಯಲ್ಲಿ ತಿರುಗಿಸಿ ಕಾಗದ ತೆಗೆಯಿರಿ. ಕಾಗದ ಹರಿಯದೆ ಮಡಿಕೆ ಬಿದ್ದು ಬಂದರೆ ಹಲ್ಲಿನ ಸಂದು ಸರಿಯಿದೆ.

127ರ ಗೇರು ಕಳೆದುಹೋದ ಲೇತುಗಳು ಬಹಳ. 63 ಹಲ್ಲಿನದೊಂದು ಸಿಕ್ಕರೆ ಅದನ್ನು ಬಳಸಿ ಜೋಡಿಗೇರಿನ ಲೆಕ್ಕ ಕಟ್ಟಬಹುದು: 63/160 ಅಂದರೆ 50/127ಕ್ಕೆ ಬಹಳ ಹತ್ತಿರ. ವ್ಯತ್ಯಾಸ 100 ಮಿ.ಮೀ. ಉದ್ದಕ್ಕೆ 0.0125 ಮಿ.ಮೀ. ಮಾತ್ರ, 30 ಮಿ.ಮೀ. ಸ್ಟಡ್ಡಿಗೆ ಅದು ಲೆಕ್ಕಕ್ಕೇ ಇಲ್ಲ.

ಥ್ರೆಡ್ ಹೊಡೆಯುವುದು

ಟೂಲಿನ ಮೂತಿ ಸೆಂಟರಿನ ಎತ್ತರಕ್ಕೇ ಇರಲಿ, ಸೆಂಟರ್ ಗೇಜನ್ನು ರಾಡಿಗೆ ಒರಗಿಸಿ ಟೂಲನ್ನು ಚೌಕಕ್ಕೆ ಕೂರಿಸಿ. ಕಾಂಪೌಂಡ್ ರೆಸ್ಟನ್ನು (ಟೂಲಿನ ಕೆಳಗಿನ, ಓರೆಯಾಗಿ ತಿರುಗಿಸಬಹುದಾದ ಸ್ಲೈಡು) ಕ್ರಾಸ್ ಸ್ಲೈಡಿನ (ಟೂಲನ್ನು ರಾಡಿಗೆ ಅಡ್ಡಲಾಗಿ ಒಳಗೆ ಹೊರಗೆ ಸರಿಸುವ ಸ್ಲೈಡು) ಗೆರೆಯಿಂದ 29°ಗೆ ತಿರುಗಿಸಿ (ವಿಟ್‌ವರ್ತ್‌ಗೆ 27°). ಕೆಲವು ಲೇತುಗಳಲ್ಲಿ ಸೊನ್ನೆ ಗುರುತು ಬೆಡ್ಡಿನ ದಿಕ್ಕಿಗೆ ಇರುತ್ತದೆ, ಅಲ್ಲಿ 61° ಓದಬೇಕು. ಕಣ್ಣು ಮುಚ್ಚಿ 29ಕ್ಕೆ ತಿರುಗಿಸಿದರೆ ಟೂಲು ಒಳಗೆ ಹೋಗುವ ಬದಲು ಪಕ್ಕಕ್ಕೆ ಸರಿದು ಏಣನ್ನೇ ತಿಂದುಹಾಕುತ್ತದೆ. ಈ ಕೋನದಲ್ಲಿ ಒಳಬಿಟ್ಟರೆ ಟೂಲಿನ ಒಂದೇ ಮಗ್ಗುಲು ಕತ್ತರಿಸುತ್ತದೆ, ಸಣ್ಣ ಮೋಟಾರಿಗೆ ಹೊರೆ ಕಡಿಮೆ.

ಬ್ಯಾಕ್ ಗೇರ್ (ವೇಗ ತಗ್ಗಿಸುವ ಗೇರು) ಹಾಕಿ ನಿಮಿಷಕ್ಕೆ 50ರಿಂದ 60 ಸುತ್ತಿಗೆ ಇಳಿಸಿ. ಸಂಜೆ ಹೊತ್ತು ವೋಲ್ಟೇಜ್ ಕುಸಿದಾಗ ನೇರ ಬೆಲ್ಟಿನಲ್ಲಿ ಹೊಡೆದರೆ ಮೋಟಾರು ಕಟ್ಟಿನ ನಡುವೆಯೇ ಉಸಿರು ಬಿಡುತ್ತದೆ. ಹೆಗಲ ಮೇಲಿನ ಟವೆಲ್ಲು ತೆಗೆದಿಡಿ, ಕೈಗೆ ಗ್ಲೌಸ್ ಬೇಡ. ಎರಡನ್ನೂ ಚಕ್ಕು ಸುತ್ತಿಕೊಂಡು ಒಳಗೆಳೆಯುತ್ತದೆ.

ಮೊದಲ ಸುತ್ತು ಬರೀ ಗೀರು, 0.05 ಮಿ.ಮೀ. ನಿಲ್ಲಿಸಿ ಸ್ಕೇಲಿಡಿ. ನಾಲ್ಕು ಪಿಚ್ಚಿಗೆ ಸರಿಯಾಗಿ 10 ಮಿ.ಮೀ. ಬಂದರೆ ಗೇರು ಸರಿ. ಆಮೇಲೆ ಕಾಂಪೌಂಡಿನಿಂದ 0.25, 0.25, 0.2, 0.2, 0.15, 0.15 ಹೀಗೆ ಇಳಿಸುತ್ತ ಬನ್ನಿ, ಕೊನೆಯವು 0.05. ಆಳ ಹೆಚ್ಚಿದಷ್ಟೂ ಟೂಲಿನ ಅಂಚು ಹೆಚ್ಚು ಉದ್ದಕ್ಕೆ ಕಚ್ಚುವುದರಿಂದ ಕಟ್ಟು ಚಿಕ್ಕದಾಗಲೇಬೇಕು. ಎಂ20ಕ್ಕೆ ಕಾಂಪೌಂಡಿನ ಒಟ್ಟು ಚಲನೆ ಸುಮಾರು 1.85 ಮಿ.ಮೀ., ಐದು ಸೂತಕ್ಕೆ 1.65. ಬ್ರಷ್ಷಿನಿಂದ ಕಟಿಂಗ್ ಆಯಿಲ್ ಹಚ್ಚುತ್ತಿರಿ. ಅದಿಲ್ಲದಿದ್ದರೆ ಶೇಂಗಾ ಎಣ್ಣೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕೆಲಸ ಮುಗಿದ ಮೇಲೆ ಲೇತನ್ನು ಸೀಮೆಎಣ್ಣೆಯಲ್ಲಿ ಒರೆಸಿ. ಬಿಟ್ಟರೆ ಒಣಗಿ ಅಂಟಾಗಿ ಸ್ಲೈಡುಗಳು ಹಿಡಿದುಕೊಳ್ಳುತ್ತವೆ.

ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ಹೊಡೆಯುವಾಗ ಹಾಫ್‌ನಟ್ಟನ್ನು (ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ನಟ್ಟು) ಕೊನೆಯವರೆಗೂ ಬಿಡಿಸಬಾರದು. ಬಿಡಿಸಿ ಮತ್ತೆ ಹಾಕಿದರೆ ಟೂಲು ಹಳೆಯ ಕಚ್ಚಿಗೆ ಬೀಳುವುದಿಲ್ಲ, ಏಣು ಸೀಳಿ ಎರಡಾಗುತ್ತದೆ. ಆದ್ದರಿಂದ ಕಚ್ಚಿಗೆ ಬಂದಾಗ ಮೋಟಾರು ಆಫ್, ಕ್ರಾಸ್ ಸ್ಲೈಡಿನಿಂದ ಟೂಲು ಹೊರಗೆ, ರಿವರ್ಸ್ ಹಾಕಿ ಹಿಂದಕ್ಕೆ. ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರಿನಲ್ಲಿ ಒಂದು ಮಾತು ನೆನಪಿರಲಿ: ಅದು ಪೂರ್ತಿ ನಿಲ್ಲುವ ಮೊದಲೇ ಡ್ರಮ್ ಸ್ವಿಚ್ಚನ್ನು ರಿವರ್ಸಿಗೆ ತಿರುಗಿಸಿದರೆ ಮೋಟಾರು ಹಿಂದಕ್ಕೆ ತಿರುಗುವುದಿಲ್ಲ, ಮುಂದಕ್ಕೇ ಓಡುತ್ತದೆ, ಟೂಲು ಹೋಗಿ ರಾಡಿನ ದಪ್ಪ ಮೆಟ್ಟಿಲಿಗೆ ಬಡಿಯುತ್ತದೆ. ಸ್ಟಾರ್ಟಿಂಗ್ ವೈಂಡಿಂಗ್ ವೇಗದಲ್ಲಿ ಕಡಿದುಹೋಗಿರುವುದೇ ಕಾರಣ. ನಿಲ್ಲಿಸಿ, ಚಕ್ಕು ನಿಂತದ್ದು ಕಣ್ಣಾರೆ ನೋಡಿ, ಆಮೇಲೆ ರಿವರ್ಸ್. ಹಿಂದಕ್ಕೆ ಹೋಗುವಾಗ ಟೂಲು ಎಂ20 ಭಾಗದ ಅಂಚಿನಿಂದ 10 ಮಿ.ಮೀ. ಆಚೆಗೆ ದಾಟಲಿ, ಲೀಡ್ ಸ್ಕ್ರೂವಿನ ಆಟ ಅಲ್ಲೇ ತೀರಬೇಕು.

ಕಟ್ಟಿನ ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಸ್ವಿಚ್ ಮೊದಲು ಆಫ್ ಮಾಡಿ. ಆಮೇಲೆ ಕ್ರಾಸ್ ಸ್ಲೈಡಿನಿಂದ ಟೂಲನ್ನು ನೇರ ಹಿಂದಕ್ಕೆ ಎಳೆಯಿರಿ, ಎಷ್ಟು ಸುತ್ತು ಎಂದು ಗುರುತಿಟ್ಟುಕೊಂಡು. ಟೂಲು ಲೋಹದಲ್ಲಿ ಇರುವಾಗಲೇ ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಮೂತಿ ಚಿಪ್ಪೆದ್ದು ಹೋಗುತ್ತದೆ.

ಐದು ಸೂತದ ತುದಿಗೆ ಹಾಫ್‌ನಟ್ ಬಿಡಿಸಬಹುದು. ಇಂಚಿಗೆ 11 ಬೆಸ ಸಂಖ್ಯೆ, ಆದ್ದರಿಂದ ಥ್ರೆಡ್ ಡಯಲಿನ (ಹಾಫ್‌ನಟ್ ಯಾವಾಗ ಹಾಕಬೇಕೆಂದು ತೋರಿಸುವ ಮುಳ್ಳುಬಿಲ್ಲೆ) ಅಂಕಿ ಬರೆದ ಗೆರೆಗಳಲ್ಲಿ ಮಾತ್ರ ಹಾಕಿ, ನಡುವಿನ ಗೆರೆಗಳಲ್ಲಿ ಬೇಡ. ಈ ತುದಿಯನ್ನು ಮುಕ್ಕಾಲು ಆಳಕ್ಕೆ ಲೇತಿನಲ್ಲಿ ಹೊಡೆದು, ಉಳಿದದ್ದನ್ನು ಐದು ಸೂತದ ಡೈಯಿಂದ ಮುಗಿಸಿದರೆ ವಿಟ್‌ವರ್ತ್ ಥ್ರೆಡ್ಡಿಗೆ ಬೇಕಾದ ಗುಂಡು ತಲೆ ತಾನಾಗಿ ಬರುತ್ತದೆ.

ಟೂಲು ಮಧ್ಯದಲ್ಲಿ ಮೊಂಡಾಗಿ ತೆಗೆದು ಅರೆದು ಮತ್ತೆ ಹಾಕಬೇಕಾದರೆ: ಗೇಜಿಟ್ಟು ಕೂರಿಸಿ, ಹಾಫ್‌ನಟ್ ಹಾಕಿದ ಹಾಗೇ ಲೇತನ್ನು ಮುಂದಕ್ಕೆ ಸ್ವಲ್ಪ ಓಡಿಸಿ ನಿಲ್ಲಿಸಿ, ಹಿಂದಕ್ಕೆ ಅಲುಗಿಸದೆ ಕಾಂಪೌಂಡು ಮತ್ತು ಕ್ರಾಸ್ ಸ್ಲೈಡು ಎರಡನ್ನೂ ಆಡಿಸುತ್ತ ಮೂತಿಯನ್ನು ಹಳೆಯ ಕಚ್ಚಿನಲ್ಲಿ ಇಳಿಸಿ. ಅಡಿಯಲ್ಲಿ ಬಿಳಿ ಕಾಗದ ಹಿಡಿದರೆ ಎರಡು ಮಗ್ಗುಲಿನ ಸಂದೂ ಸಮವಾಗಿದೆಯೋ ಇಲ್ಲವೋ ಸ್ಪಷ್ಟವಾಗಿ ಕಾಣುತ್ತದೆ.

ಅಳತೆ

ಎಂ20 ತುದಿಗೆ ನಟ್ಟು ಹಾಕಿ ನೋಡುವುದು ಸಾಲದು. ನಟ್ಟು ಸಲೀಸಾಗಿ ಓಡುವಷ್ಟು ಹೊಡೆದರೆ ಬೀಡಿನಲ್ಲಿ ಸ್ಟಡ್ ಸಡಿಲ. 1.5 ಮಿ.ಮೀ.ನ ಮೂರು ಹೊಸ ಡ್ರಿಲ್ ಬಿಟ್ಟು ತನ್ನಿ. ಅವುಗಳ ನುಣುಪು ಹಿಡಿಯ ಭಾಗವೇ ಅಳತೆಯ ತಂತಿ. ಒಂದನ್ನು ಒಂದು ಕಡೆ, ಎರಡನ್ನು ಎದುರಿನ ಪಕ್ಕದ ಕಚ್ಚುಗಳಲ್ಲಿ ಗ್ರೀಸಿನಿಂದ ಅಂಟಿಸಿ ಮೈಕ್ರೋಮೀಟರ್ ಹಿಡಿಯಿರಿ. ಹಿಡಿಯ ಭಾಗ 1.5ಕ್ಕಿಂತ ಕಡಿಮೆ ಇದ್ದರೆ, ಕಡಿಮೆಯಾದದ್ದರ ಮೂರು ಪಟ್ಟನ್ನು ಮುಂದೆ ಹೇಳಿರುವ ಅಳತೆಯಿಂದ ಕಳೆಯಿರಿ. ಸಾಮಾನ್ಯ ಬೋಲ್ಟಿಗೆ ಈ ಅಳತೆ 20.50ರಿಂದ 20.67 ಮಿ.ಮೀ. ಒಳಗೆ ಬರಬೇಕು. ಸ್ಟಡ್ಡಿಗೆ ಮೇಲಿನ ತುದಿ ಒಳ್ಳೆಯದು, 20.67ರ ಹತ್ತಿರ ನಿಲ್ಲಿಸಿ. ಆಳ ಮುಟ್ಟಿದ ಮೇಲೂ ಕಟ್ಟು ಕೊಡದೆ ಎರಡು ಸಲ ಟೂಲು ಓಡಿಸಿ. ರಾಡು ಬಾಗಿ ಉಳಿಸಿಕೊಂಡದ್ದು ಹೊರಬರುತ್ತದೆ.

ಬೇಸಿಗೆಯಲ್ಲಿ ರಾಯಚೂರಿನ ಶೆಡ್ಡು 40° ದಾಟುತ್ತದೆ. ಹಾಗೆಂದು ಅಳತೆ ಹಾಳಾಗುತ್ತದೆ ಎಂಬ ಭಯ ಬೇಡ: 20 ಮಿ.ಮೀ. ಉಕ್ಕು 20° ಹೆಚ್ಚು ಕಾದರೆ ಹಿಗ್ಗುವುದು 0.005 ಮಿ.ಮೀ. ಅಷ್ಟೆ, ಮೈಕ್ರೋಮೀಟರೂ ಜೊತೆಗೇ ಹಿಗ್ಗಿರುತ್ತದೆ.

ಅಳತೆ ಸರಿ ಇದ್ದೂ ನಟ್ಟು ಹತ್ತದಿದ್ದರೆ ಮತ್ತೆ ಟೂಲು ಒಳಬಿಡಲು ಹೋಗಬೇಡಿ, ಏಣಿನ ತುದಿಗೆ ಬೆರಳುಗುರು ಎಳೆದು ನೋಡಿ. ಗರಿಗರಿ ಹತ್ತಿದರೆ ಅದು ಬರ್, ನಯವಾದ ಅರದಲ್ಲಿ ಒಂದು ಸಲ ಸವರಿದರೆ ಹೋಗುತ್ತದೆ. ಥ್ರೆಡ್ಡಿನ ಮೈ ಒರಟಾಗಿ ಹರಿದಿದ್ದರೆ ಟೂಲು ಮೊಂಡು, ಇಲ್ಲವೇ ಎಣ್ಣೆ ಸಾಲದು. ಟೂಲು ಗಕ್ಕನೆ ಒಳಗೆಳೆದುಕೊಂಡರೆ ಸ್ಲೈಡಿನ ಗಿಬ್ (ಆಟ ತೆಗೆಯುವ ಬಿಗಿಪಟ್ಟಿ) ಸಡಿಲವಿದೆ, ಇಲ್ಲವೇ ಮೂತಿ ಸೆಂಟರಿಗಿಂತ ಕೆಳಗಿದೆ. ಟೇಲ್‌ಸ್ಟಾಕಿನ ಕಡೆ ಒಂದು ಅಳತೆ, ಚಕ್ಕಿನ ಕಡೆ ಒಂದು ಅಳತೆ ಬಂದರೆ ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿದೆ.

ಕೂರಿಸುವುದು

ಚಕ್ಕಿನ ಕಡೆಯ ಕಚ್ಚಿನಲ್ಲಿ ಮೊದಲು ಚ್ಯಾಂಫರ್ ಹೊಡೆದು ಆಮೇಲೆ ಪಾರ್ಟಿಂಗ್ ಟೂಲು ಇಳಿಸಿ. ಸೆಂಟರ್ ಆನಿಸಿದ ಹಾಗೆಯೇ ಕೊನೆಯವರೆಗೂ ಕತ್ತರಿಸಿದರೆ ತುಂಡು ಒತ್ತಿಕೊಂಡು ಟೂಲು ಮುರಿಯುತ್ತದೆ, 5 ಮಿ.ಮೀ. ಉಳಿದಾಗ ಲೇತು ನಿಲ್ಲಿಸಿ ಗರಗಸದಲ್ಲಿ ಕೊಯ್ದು, ಮುಖವನ್ನು ಅರದಲ್ಲಿ ಸಮ ಮಾಡಿ.

ಬೀಡಿನ ಹೋಲನ್ನು ಥಿನ್ನರಿನಲ್ಲಿ ತೊಳೆದು ಒಣಗಿಸಿ, ಎಂ20 ತುದಿಗೆ ಥ್ರೆಡ್ ಲಾಕರ್ ಹಚ್ಚಿ. ಐದು ಸೂತದ ಎರಡು ನಟ್ಟನ್ನು ಒಂದಕ್ಕೊಂದು ಲಾಕ್ ಮಾಡಿ, ಮೇಲಿನ ನಟ್ಟಿಗೆ ಪಾನಾ ಹಾಕಿ ಸ್ಟಡ್ಡನ್ನು ಇಳಿಸಿ. ಎಂ20 ಭಾಗ ಬೀಡಿನ ಮುಖದಿಂದ ಒಂದು ಮಿ.ಮೀ. ಒಳಗೆ ಹೋದಾಗ ನಿಲ್ಲಿಸಿ. ಹೊರಗೆ ಉಳಿದರೆ ಕ್ಯಾಪು ಕೂರುವುದಿಲ್ಲ. ಹೋಲಿನ ತಳಕ್ಕೆ ಗುದ್ದಿಸಿ ಬಿಗಿ ಮಾಡಬೇಡಿ, ಬೀಡು ಅಡಿಯಿಂದ ಸೀಳುತ್ತದೆ. ಥ್ರೆಡ್ ಲಾಕರ್ ಪೂರ್ತಿ ಹಿಡಿಯಲು 24 ಗಂಟೆ ಬಿಡಿ. ಕ್ಯಾಪು ಕೂರಿಸಿ ನಟ್ಟು ಬಿಗಿದ ಮೇಲೆ ನಟ್ಟಿನಿಂದ ಕ್ಯಾಪಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಮೊದಲ ದಿನದ ಓಟ ಮುಗಿದಾಗ ಆ ಗೆರೆ ತುಂಡಾಗಿದೆಯೇ ನೋಡಿ, ಆಗಿದ್ದರೆ ಮತ್ತೊಮ್ಮೆ ಬಿಗಿಯಿರಿ.